ಒಂದು ಅರ್ಜಿ ಹಾಕಿದರಾಯಿತು ಎನ್ನುವವರಿಗೆ



ನಮ್ಮ ಸಂಘದ ವಾಚನಾಲಯದಲ್ಲಿ ಉತ್ತರದ ಗೋಡೆಗೆ ಒರಗಿಸಿಟ್ಟ ಆರು ಕಪಾಟುಗಳನ್ನು ಪ್ರತಿ ವರ್ಷ ಜೂನ್ ಮೊದಲ ವಾರದಲ್ಲಿ ಮೂರು ಅಡಿ ಈಚೆಗೆ ಸರಿಸುತ್ತೇವೆ. ದಸರಾ ಕಳೆದ ಮೇಲೆ ಮತ್ತೆ ಹಿಂದಕ್ಕೆ ತಳ್ಳುತ್ತೇವೆ. ಮುಂಬಯಿಯ ಮಳೆಗೂ ನಮ್ಮ ಹಳೆಯ ತಾರಸಿಗೂ ಇರುವ ಸ್ನೇಹ ಅಷ್ಟು ಗಾಢವಾದುದು. ನಿಮ್ಮಲ್ಲಿ ಹಲವರು ಅರ್ಧ ಚಡ್ಡಿಯ ಕಾಲದಲ್ಲಿ ಈ ಕಪಾಟು ಸರಿಸುವ ಕೆಲಸಕ್ಕೆ ಕೈಕೊಟ್ಟವರೇ. ಆಮೇಲೆ ಸಿಕ್ಕ ಅವಲಕ್ಕಿ, ಚಹಾಗಳ ನೆನಪು ನಿಮಗಿರಬಹುದು. ಕಪಾಟಿನೊಳಗೆ ಏನಿತ್ತೆಂಬ ನೆನಪು ಎಷ್ಟು ಜನಕ್ಕಿದೆಯೋ ಕಾಣೆ. ಕಳೆದ ಮಳೆಗಾಲದಲ್ಲಿ ನಾಲ್ಕನೆಯ ಕಪಾಟಿನ ಕೆಳಗಿನ ಎರಡು ಅರೆಗಳ ಪುಸ್ತಕಗಳು ನೆನೆದು ಒಂದಕ್ಕೊಂದು ಅಂಟಿಕೊಂಡವು. ಬಿಡಿಸಲು ಹೋದಾಗ ಅಕ್ಷರಗಳೇ ಕಿತ್ತು ಬಂದವು.

ಹಳೆಯ ಕಟ್ಟಡವನ್ನು ಕೆಡವಿ, ಕೆಳಗೆ ವಾಚನಾಲಯ, ಮೇಲೆ ನಾಟಕ, ಸಂಗೀತ, ಸಭೆಗಳಿಗೆ ಒಂದು ಸಣ್ಣ ಸಭಾಗೃಹ ಕಟ್ಟಬೇಕೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ದೇಣಿಗೆಯಿಂದಲೇ ಅದು ಆಗುವ ಕಾಲ ಹೋಯಿತು. ಹಾಗಾಗಿ ಸಭೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: 'ಸರ್ಕಾರಕ್ಕೆ ಒಂದು ಅರ್ಜಿ ಹಾಕಿದರಾಯಿತು.' ಮೂವತ್ತು ವರ್ಷ ಸರ್ಕಾರಿ ಕಾಮಗಾರಿಗಳ ಎಸ್ಟಿಮೇಟ್ ಬರೆದು ನಿವೃತ್ತನಾದ ನನಗೆ ಈ 'ಒಂದು ಅರ್ಜಿ' ಎಂಬ ಮಾತು ಕೇಳಿದಾಗಲೆಲ್ಲ ಸ್ವಲ್ಪ ನಗು, ಸ್ವಲ್ಪ ಭಯ.

ಭಯಕ್ಕೆ ಕಾರಣವಿದೆ. 1996ರಲ್ಲಿಯೂ ನಾವು ಹೀಗೆಯೇ ಒಂದು ಅರ್ಜಿ ಹಾಕಿದ್ದೆವು. ಅಂದದ ಟೈಪಿಂಗ್, ಚಂದದ ನಕ್ಷೆ, ಗಣ್ಯರ ಶಿಫಾರಸು ಪತ್ರಗಳು ನಾಲ್ಕು. ಏಳು ತಿಂಗಳ ನಂತರ ಕಡತ ಮರಳಿ ಬಂತು. ಶಿಫಾರಸು ಪತ್ರಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ನಿವೇಶನ ಯಾರ ಹೆಸರಿನಲ್ಲಿದೆ ಎಂದು ಮಾತ್ರ ಕೇಳಿದ್ದರು. ತೆಗೆದು ನೋಡಿದರೆ ಪ್ರಾಪರ್ಟಿ ಕಾರ್ಡಿನಲ್ಲಿ ಇದ್ದದ್ದು ಸಂಘದ ಹೆಸರಲ್ಲ, ಸ್ಥಾಪಕರಲ್ಲಿ ಒಬ್ಬರಾಗಿದ್ದ ಹಿರಿಯರ ಹೆಸರು. ಅವರು ತೀರಿಹೋಗಿ ಅಷ್ಟೊತ್ತಿಗೆ ಹತ್ತೊಂಬತ್ತು ವರ್ಷ. ನಾವು ಪ್ರತಿ ವರ್ಷ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತಿದ್ದೆವು. ಅವರ ಹೆಸರಿನಿಂದ ಸಂಘದ ಹೆಸರಿಗೆ ಆಸ್ತಿಯನ್ನು ಬದಲಾಯಿಸುವುದು ಯಾರಿಗೂ ಹೊಳೆದಿರಲಿಲ್ಲ. ಅದನ್ನು ಸರಿಪಡಿಸುವಷ್ಟರಲ್ಲಿ ಆ ವರ್ಷದ ಹಣವೂ ಮುಗಿದಿತ್ತು, ನಮ್ಮ ಉತ್ಸಾಹವೂ ಮುಗಿದಿತ್ತು. ತಪ್ಪು ಇಲಾಖೆಯದಲ್ಲ, ಪೂರ್ತಿ ನಮ್ಮದೇ. ಆ ಅರ್ಜಿಯ ಎಸ್ಟಿಮೇಟ್ ಬರೆದವನು ನಾನೇ. ನಕ್ಷೆಯ ಪ್ರತಿ ಗೆರೆಯನ್ನೂ ಅಳೆದಿದ್ದೆ, ಕಾರ್ಡನ್ನು ಮಾತ್ರ ಓದಿರಲಿಲ್ಲ.

ಈ ಸಲ ನಿಮ್ಮನ್ನು ಕರೆಯುತ್ತಿರುವುದಕ್ಕೆ ಇದೇ ಕಾರಣ. ನೀವು ಕನ್ನಡವನ್ನು ಮನೆಯಲ್ಲಿ ಕಲಿತವರು, ಮರಾಠಿ, ಹಿಂದಿಗಳನ್ನು ಬೀದಿಯಲ್ಲೂ ಶಾಲೆಯಲ್ಲೂ ಕಲಿತವರು, ಇಂಗ್ಲಿಷ್ ಕಾಲೇಜಿನಿಂದ ಬಂತು. 'ನಮಗೆ ಕನ್ನಡ ಓದಲು ಸರಿಯಾಗಿ ಬರುವುದಿಲ್ಲ, ಸಂಘದಲ್ಲಿ ನಮಗೇನು ಕೆಲಸ' ಎಂದು ನಿಮ್ಮಲ್ಲಿ ಒಬ್ಬಳು ಕಳೆದ ರಾಜ್ಯೋತ್ಸವದ ದಿನ ನನ್ನನ್ನು ಕೇಳಿದಳು. ಕೆಲಸ ಇಲ್ಲಿದೆ. ಪ್ರಾಪರ್ಟಿ ಕಾರ್ಡ್ ಇರುವುದು ಮರಾಠಿಯಲ್ಲಿ. ನಗರದ ಹೊರಗಾದರೆ ಸಾತ್-ಬಾರಾ ಉತಾರಾ, ಅದೂ ಮರಾಠಿ. ದಿಲ್ಲಿಗೆ ಹೋಗಬೇಕಾದ ಯೋಜನಾ ವರದಿ ಇಂಗ್ಲಿಷಿನಲ್ಲಿ. ಬೆಂಗಳೂರಿಗೆ ಹೋಗುವ ಪತ್ರ ಕನ್ನಡದಲ್ಲಿದ್ದರೆ ಚೆನ್ನ. ಈ ಮೂರನ್ನೂ ಒಟ್ಟಿಗೆ ಓದಿ, ಒಂದರಲ್ಲಿರುವ ಹೆಸರು, ಅಳತೆ, ತಾರೀಖು ಇನ್ನೊಂದರಲ್ಲೂ ಅದೇ ಇದೆಯೇ ಎಂದು ನೋಡಬಲ್ಲವರು ನಮ್ಮ ಪೀಳಿಗೆಯಲ್ಲಿ ಕಡಿಮೆ.

ಮೊದಲು ಅನುದಾನ ಎಂದರೇನು ಎಂಬುದು ಸ್ಪಷ್ಟವಾಗಬೇಕು. ಅದು ದಾನವಲ್ಲ. ಗಣೇಶೋತ್ಸವದ ವರ್ಗಣಿ ಕೊಟ್ಟವರು ಲೆಕ್ಕ ಕೇಳದಿರಬಹುದು, ಸರ್ಕಾರ ಕೇಳುತ್ತದೆ. ಕೇಂದ್ರ ಸರ್ಕಾರದ ಅನುದಾನಗಳಿಗೆಲ್ಲ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಹಣ ಯಾವ ಉದ್ದೇಶಕ್ಕೆ ಬಂತೋ ಅದಕ್ಕೇ ಖರ್ಚಾಗಬೇಕು, ಉಳಿದದ್ದು ಹಿಂದಿರುಗಬೇಕು. ಬ್ಯಾಂಕಿನಲ್ಲಿದ್ದಾಗ ಅದಕ್ಕೆ ಬಂದ ಬಡ್ಡಿಯೂ ಸರ್ಕಾರದ್ದೇ. ಆ ಹಣದಿಂದ ಎದ್ದ ಕಟ್ಟಡವನ್ನು ಸರ್ಕಾರದ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ, ಬೇರೆ ಉದ್ದೇಶಕ್ಕೆ ಬಳಸುವಂತೆಯೂ ಇಲ್ಲ. ಇದನ್ನು ಓದಿ ನಮ್ಮ ಸಮಿತಿಯ ಒಬ್ಬ ಹಿರಿಯರು, 'ಹಾಗಾದರೆ ಕಟ್ಟಡ ನಮ್ಮದೋ ಅವರದೋ?' ಎಂದು ಕೇಳಿದರು. ಆ ಪ್ರಶ್ನೆಗೆ ಮುಂದೆ ಬರುತ್ತೇನೆ.

ಯಾರಲ್ಲಿ ಕೇಳುವುದು? ನಮ್ಮಂಥ ಸಂಘಕ್ಕೆ ಮುಖ್ಯವಾಗಿ ಮೂರು ಬಾಗಿಲು. ಕರ್ನಾಟಕದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹೊರನಾಡಿನ ಸಂಘಗಳಿಗೆ ನೆರವು ನೀಡುತ್ತ ಬಂದಿದೆ. ಇದು ನಿಮಗೆಲ್ಲ ತಿಳಿದದ್ದೇ.

ಎರಡನೆಯದು ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ. 1993ರ ಡಿಸೆಂಬರಿನಲ್ಲಿ ಆರಂಭವಾದಾಗ ಒಬ್ಬ ಸಂಸದರಿಗೆ ಆ ವರ್ಷಕ್ಕೆ ಸಿಕ್ಕದ್ದು ಐದು ಲಕ್ಷ. ಮರುವರ್ಷ ಒಂದು ಕೋಟಿ, 1998-99ರಿಂದ ಎರಡು ಕೋಟಿ, 2011-12ರಿಂದ ಐದು ಕೋಟಿ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲಿನಲ್ಲಿ, ಇದನ್ನು ತಡೆಹಿಡಿದು 2021ರ ನವೆಂಬರಿನಲ್ಲಿ ಮತ್ತೆ ತೆರೆದರು. ಇದರ ಬಗ್ಗೆ ಒಂದು ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ಸಂಸದರು ಹಣ ಕೊಡುವುದಿಲ್ಲ, ಕೆಲಸವನ್ನು ಶಿಫಾರಸು ಮಾಡುತ್ತಾರೆ, ಅಷ್ಟೇ. ಮಂಜೂರು ಮಾಡುವುದು ಜಿಲ್ಲಾ ಆಡಳಿತ, ಕಟ್ಟುವುದು ಅದು ನೇಮಿಸಿದ ಸಂಸ್ಥೆ. ಚೆಕ್ಕು ಹಿಡಿದ ಫೋಟೋ ನಮ್ಮ ಪತ್ರಿಕೆಯಲ್ಲಿ ಬರುವುದಿಲ್ಲ. ಪೂಜಾಸ್ಥಳಗಳ ಒಳಗಿನ ಕೆಲಸಕ್ಕೆ ಈ ಹಣ ಸಲ್ಲದು ಎಂಬುದನ್ನೂ ನೆನಪಿಡಿ, ಏಕೆಂದರೆ ಮೇಲಿನ ಮಹಡಿಯಲ್ಲಿ ಒಂದು ಗುಡಿ ಇರಲಿ ಎಂಬ ಸಲಹೆ ಆಗಲೇ ಬಂದಾಗಿದೆ.

ಮೂರನೆಯ ಬಾಗಿಲು ಕೇಂದ್ರ ಸಂಸ್ಕೃತಿ ಸಚಿವಾಲಯದ ಕಟ್ಟಡ ಅನುದಾನ. ಕಲಾ ಸಂಸ್ಕೃತಿ ವಿಕಾಸ ಯೋಜನೆಯ ಒಂದು ಅಂಗ. ನಾವು ಸಿದ್ಧಪಡಿಸುತ್ತಿರುವುದು ಇದನ್ನೇ. ನಾನು ಓದಿದ ಮಾರ್ಗಸೂಚಿಯ ಪ್ರಕಾರ ಯೋಜನಾ ವೆಚ್ಚದ ಶೇ. 60ರವರೆಗೆ ಸರ್ಕಾರದ ಪಾಲು, ಉಳಿದ ಶೇ. 40 ಸಂಸ್ಥೆಯ ಪಾಲು. ಆದರೆ ಮಹಾನಗರಗಳಲ್ಲಿ 50 ಲಕ್ಷ, ಬೇರೆಡೆ 25 ಲಕ್ಷ ಎಂಬ ಮಿತಿಯಿದೆ. ಈ ಮಿತಿಯಲ್ಲೇ ಬಹಳ ಮಂದಿ ಎಡವುವುದು. 80 ಲಕ್ಷದ ಕಟ್ಟಡವಾದರೆ 48 ಲಕ್ಷ ಅವರದು, 32 ಲಕ್ಷ ನಮ್ಮದು. 'ಹಾಗಾದರೆ ಒಂದೂವರೆ ಕೋಟಿಯದೇ ಕಟ್ಟೋಣ, 90 ಲಕ್ಷ ಬರುತ್ತದೆ' ಎಂದರು ಒಬ್ಬರು. ಬರುವುದಿಲ್ಲ. ಬರುವುದು 50 ಲಕ್ಷವೇ, ಮಿಕ್ಕ ಒಂದು ಕೋಟಿ ನಮ್ಮ ತಲೆಯ ಮೇಲೆ. ಮಾರ್ಗಸೂಚಿಗಳು ಆಗಾಗ ತಿದ್ದುಪಡಿಯಾಗುತ್ತವೆ, ಆದ್ದರಿಂದ ಅರ್ಜಿ ಹಾಕುವ ವರ್ಷದ್ದನ್ನೇ ಇಳಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ. ಓದಿ ಎಂದರೆ ಓದಿ. ಯಾರೋ ಹೇಳಿದ್ದನ್ನು ನಂಬಬೇಡಿ, ನಾನು ಹೇಳಿದ್ದನ್ನೂ.

ಈಗ ಕಾಗದಪತ್ರಗಳು. ಮುಂಬಯಿಯ ಬಹುತೇಕ ಸಂಘಗಳಂತೆ ನಮ್ಮದೂ 1860ರ ಸೊಸೈಟಿ ನೋಂದಣಿ ಕಾಯ್ದೆ, 1950ರ ಸಾರ್ವಜನಿಕ ನ್ಯಾಸ ಕಾಯ್ದೆ ಎರಡರಡಿಯಲ್ಲೂ ನೋಂದಾಯಿತ. ಚುನಾವಣೆಯಾಗಿ ಪದಾಧಿಕಾರಿಗಳು ಬದಲಾದಾಗಲೆಲ್ಲ ಚಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಕೊಟ್ಟಿದ್ದೇವೆಯೇ? ಹಳೆಯ ಕಡತ ತೆಗೆದರೆ ಎರಡು ಅವಧಿಯ ವರದಿಗಳು ಕಾಣುತ್ತಿಲ್ಲ. ಆ ದಾಖಲೆಯ ಪ್ರಕಾರ ನಮ್ಮ ಈಗಿನ ಅಧ್ಯಕ್ಷರು ಅಧ್ಯಕ್ಷರೇ ಅಲ್ಲ! ಸಹಿ ಹಾಕುವವರಿಗೆ ಸಹಿ ಹಾಕುವ ಅಧಿಕಾರವಿದೆ ಎಂದು ಮೊದಲು ತೋರಿಸಬೇಕು, ಆಮೇಲೆ ಮಿಕ್ಕದ್ದು. ಮೂರು ವರ್ಷಗಳ ಲೆಕ್ಕಪರಿಶೋಧಿತ ಆಯವ್ಯಯ ಪತ್ರ, ವಾರ್ಷಿಕ ವರದಿ, ಸರ್ವಸದಸ್ಯರ ಸಭೆಯ ಠರಾವು, ಇವು ಇದ್ದೇ ಇರುತ್ತವೆ. ನೀತಿ ಆಯೋಗದ ದರ್ಪಣ್ ಪೋರ್ಟಲಿನಲ್ಲಿ ಸಂಘ ನೋಂದಣಿಯಾಗಿರಬೇಕು. ಈ ಕೆಲಸ ಅರ್ಧಕ್ಕೆ ನಿಂತಿದೆ. ಕಾರಣ ಹೇಳಿದರೆ ನಗುತ್ತೀರಿ. ಎಂಬತ್ತೊಂದು ವರ್ಷದ ನಮ್ಮ ಕೋಶಾಧಿಕಾರಿಗಳ ಆಧಾರಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಅವರ ಮೊಮ್ಮಗನದು. ಓಟಿಪಿ ಹೋಗುವುದು ನಾಸಿಕಕ್ಕೆ. ಅವನು ಕಾಲೇಜಿನಲ್ಲಿ ಪಾಠ ಕೇಳುತ್ತಿರುತ್ತಾನೆ, ಇಲ್ಲಿ ಹತ್ತು ನಿಮಿಷ ಮುಗಿದುಹೋಗಿರುತ್ತದೆ.

ಇನ್ನು ಕಟ್ಟಡದ ಪರವಾನಿಗೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಐಓಡಿ ಎಂಬ ಮೂರಕ್ಷರ ಗೊತ್ತಿರಬಹುದು. ಅದರ ವಿಸ್ತರಣೆ 'ಇಂಟಿಮೇಷನ್ ಆಫ್ ಡಿಸ್‌ಅಪ್ರೂವಲ್', ಅಂದರೆ ಅಸಮ್ಮತಿಯ ಸೂಚನೆ. 1888ರ ಮಹಾನಗರಪಾಲಿಕೆ ಕಾಯ್ದೆಯ ಭಾಷೆ ಅದು. ಈ ಈ ಷರತ್ತುಗಳನ್ನು ಪೂರೈಸುವವರೆಗೆ ನಿಮ್ಮ ನಕ್ಷೆಗೆ ನಮ್ಮ ಒಪ್ಪಿಗೆಯಿಲ್ಲ ಎಂದು ಅದರ ಅರ್ಥ. ಆದರೆ ದಶಕಗಳಿಂದ ಜನ ಅದನ್ನೇ ಒಪ್ಪಿಗೆ ಎಂದು ಪೇಡೆ ಹಂಚಿದ್ದಾರೆ! ಷರತ್ತುಗಳು ಪೂರೈಸಿದ ಮೇಲೆ ಬರುವ ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ. ಅನುದಾನದ ಅರ್ಜಿಯೊಂದಿಗೆ ಸ್ಥಳೀಯ ಸಂಸ್ಥೆ ಒಪ್ಪಿದ ನಕ್ಷೆ ಬೇಕು, ಆದ್ದರಿಂದ ಅಲ್ಲಿಂದಲೇ ಶುರು.

ನಕ್ಷೆಯ ಬಗ್ಗೆ ಒಂದು ಮಾತು. ಮೊದಲ ನಕ್ಷೆಯಲ್ಲಿ ಪೀಠದ ಎತ್ತರ 45 ಸೆಂಟಿಮೀಟರ್, ಪಕ್ಕದಲ್ಲಿ ಗಾಲಿಕುರ್ಚಿಗೆಂದು 2 ಮೀಟರ್ ಉದ್ದದ ಇಳಿಜಾರು ತೋರಿಸಿತ್ತು. ಇಳಿಜಾರು ಒಂದಕ್ಕೆ ಹನ್ನೆರಡಕ್ಕಿಂತ ಕಡಿದಾಗಿರಬಾರದು. ಲೆಕ್ಕ ಹಾಕಿ: 45 ಸೆಂಟಿಮೀಟರ್ ಏರಲು 5.4 ಮೀಟರ್ ಬೇಕು. 2 ಮೀಟರಿನ ಇಳಿಜಾರಿನಲ್ಲಿ ಗಾಲಿಕುರ್ಚಿ ಏರುವುದಿಲ್ಲ, ಉರುಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಂತರ ಸಾರ್ವಜನಿಕ ಕಟ್ಟಡಗಳಲ್ಲಿ ಇದು ಮರ್ಜಿಯ ಮಾತಲ್ಲ. ಕಾಯ್ದೆ ಇರಲಿ, ಯುಗಾದಿಯ ದಿನ ಕೋಲೂರಿಕೊಂಡು ಬರುವ ನಿಮ್ಮ ಅಜ್ಜಿಯರನ್ನೇ ನೋಡಿ. ಈ ತಪ್ಪು ಹಿಡಿದವನು ಆರ್ಕಿಟೆಕ್ಚರ್ ಎರಡನೆಯ ವರ್ಷದಲ್ಲಿರುವ ನಿಮ್ಮದೇ ಹುಡುಗ.

ಎಸ್ಟಿಮೇಟಿಗೆ ಬರೋಣ. ಇದು ನನ್ನ ಊರು, ಸ್ವಲ್ಪ ಹೊತ್ತು ಕೂರುತ್ತೇನೆ. ಎಸ್ಟಿಮೇಟ್ ಎಂದರೆ ಎರಡೇ ಅಂಕಣ: ಎಷ್ಟು, ಯಾವ ದರದಲ್ಲಿ. 'ಎಷ್ಟು' ಎಂಬುದು ನಕ್ಷೆಯಿಂದ ಬರುತ್ತದೆ. 'ಯಾವ ದರದಲ್ಲಿ' ಎಂಬುದು ಲೋಕೋಪಯೋಗಿ ಇಲಾಖೆಯ ದರಪಟ್ಟಿಯಿಂದ. ದಿಲ್ಲಿಯ ಸಂಘದವರಾದರೆ ಕೇಂದ್ರ ಲೋಕೋಪಯೋಗಿ ಇಲಾಖೆಯ ಡೆಲ್ಲಿ ಶೆಡ್ಯೂಲ್ ಆಫ್ ರೇಟ್ಸ್ ನೋಡುತ್ತಾರೆ. ನಿಮಗೆ ಪರಿಚಯದ ಕಂತ್ರಾಟುದಾರರು ಹೇಳಿದ ದರ ಇಲ್ಲಿ ನಡೆಯದು. ಪಟ್ಟಿಯಲ್ಲಿಲ್ಲದ ಬಾಬ್ತು, ಉದಾಹರಣೆಗೆ ಸಭಾಗೃಹದ ಧ್ವನಿ ಹೀರುವ ಹಲಗೆಗಳು, ಇದ್ದರೆ ಮೂರು ಕಡೆಯ ಕೊಟೇಶನ್ ತಂದು ದರ ಹೇಗೆ ಬಂತೆಂದು ಬಿಡಿಸಿ ಬರೆಯಬೇಕು.

ನಮ್ಮ ಸಭಾಗೃಹ 15 ಮೀಟರ್ ಉದ್ದ, 10 ಮೀಟರ್ ಅಗಲ. ಚಪ್ಪಡಿಯ ದಪ್ಪ 15 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಗುಣಿಸಿದರೆ 22.5 ಘನ ಮೀಟರ್ ಕಾಂಕ್ರೀಟ್. ಅದನ್ನೇ ಘನ ಅಡಿಯಲ್ಲಿ ಹೇಳಿದರೆ ಸುಮಾರು 795. ಮುಂಬಯಿಯ ಮೇಸ್ತ್ರಿಯ ಲೆಕ್ಕ ಇವೆರಡೂ ಅಲ್ಲ, ಅವನ ಲೆಕ್ಕ ಬ್ರಾಸ್. 100 ಘನ ಅಡಿಗೆ ಒಂದು ಬ್ರಾಸ್. ಅವನಿಗೆ ನಮ್ಮ ಚಪ್ಪಡಿ ಎಂಟು ಬ್ರಾಸಿಗೆ ತುಸು ಕಡಿಮೆ. ಒಂದೇ ಚಪ್ಪಡಿಗೆ ಮೂರು ಸಂಖ್ಯೆ! ಘನ ಅಡಿಯ ಪ್ರಮಾಣ ಬರೆದು ಎದುರಿಗೆ ಘನ ಮೀಟರಿನ ದರ ಬರೆದುಬಿಟ್ಟರೆ ಒಂದೇ ಸಾಲಿನಲ್ಲಿ ಮೊತ್ತ 35 ಪಟ್ಟು ಉಬ್ಬುತ್ತದೆ. ಅತಿಯಾಗಿ ಉಬ್ಬಿದ ತಪ್ಪು ಕಣ್ಣಿಗೆ ಬೀಳುತ್ತದೆ, ಅದು ಪುಣ್ಯ. ಬಾಗಿಲು ಕಿಟಕಿಗಳ ಜಾಗವನ್ನು ಗೋಡೆಯ ಅಳತೆಯಿಂದ ಕಳೆಯದೆ ಬಿಡುವುದು ಕಣ್ಣಿಗೆ ಬೀಳದ ತಪ್ಪು. ಆಮೇಲೆ ಕೊನೆಯ ಪುಟ: ಅನಿರೀಕ್ಷಿತ ವೆಚ್ಚಕ್ಕೆಂದು ಸಾಮಾನ್ಯವಾಗಿ ಶೇ. 3, ವಾಸ್ತುಶಿಲ್ಪಿಯ ಶುಲ್ಕ, ವಿದ್ಯುತ್, ನೀರಿನ ಜೋಡಣೆ, ಇವೆಲ್ಲಕ್ಕೂ ಮೀರಿ ಗುತ್ತಿಗೆ ಕಾಮಗಾರಿಯ ಮೇಲಿನ ಜಿಎಸ್‌ಟಿ ಶೇ. 18. ನಮ್ಮ ಮೊದಲ ಕರಡಿನಲ್ಲಿ ಜಿಎಸ್‌ಟಿಯೇ ಇರಲಿಲ್ಲ. 68 ಲಕ್ಷ ಎಂದು ಸಂತೋಷಪಟ್ಟಿದ್ದ ಸಮಿತಿಗೆ 80 ಲಕ್ಷ ಎಂದು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

'ಸರ್ಕಾರ ಹೇಗೂ ಕತ್ತರಿಸುತ್ತದೆ, ಮೊದಲೇ ಹತ್ತು ಲಕ್ಷ ಸೇರಿಸಿ ಬರೆಯಿರಿ' ಎಂಬ ಸಲಹೆಯೂ ಬಂತು. ಸಲಹೆ ಕೊಟ್ಟವರು ಕೆಟ್ಟವರಲ್ಲ, ಕಪಾಟು ನೆನೆಯುವುದನ್ನು ಕಂಡು ನೊಂದವರು. ಆದರೆ ನಾನು ಮೇಜಿನ ಆ ಬದಿಯಲ್ಲಿ ಕುಳಿತಿದ್ದವನು. ಒಂದು ಬಾಬ್ತು ಉಬ್ಬಿದ್ದು ಕಂಡರೆ ಓದುವವನು ಉಳಿದ ಇನ್ನೂರು ಬಾಬ್ತುಗಳನ್ನೂ ಅನುಮಾನದಿಂದಲೇ ಓದುತ್ತಾನೆ. ಇಷ್ಟಲ್ಲದೆ, ಸೇರಿಸಿದ ಹತ್ತು ಲಕ್ಷದಲ್ಲಿ ನಮ್ಮ ಪಾಲನ್ನು ನಾವೂ ತೋರಿಸಬೇಕಲ್ಲ!

ಒಳ್ಳೆಯ ಪ್ರಸ್ತಾವನೆ ಹೇಗಿರಬೇಕೆಂಬುದಕ್ಕೆ ನಮ್ಮವರದೇ ಒಂದು ಉದಾಹರಣೆ ನನಗೆ ಇಷ್ಟ. ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟುವ ಮೊದಲು ನಮ್ಮ ಈ ಬೊಂಬಾಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ 1884ರಿಂದ ದುಡಿದವರು. ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಹೋದದ್ದು 1909ರಲ್ಲಿ. ಅಷ್ಟೊಂದು ಹಣ ಅಣೆಕಟ್ಟೆಗೆ ಸುರಿಯಲು ಸಂಸ್ಥಾನ ಹಿಂಜರಿದದ್ದು ಸಹಜ. ಅವರು ರೈತರ ನೀರನ್ನು ಮಾತ್ರ ಮುಂದಿಡಲಿಲ್ಲ. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು. ಗಣಿಗಳಿಗೆ ಇನ್ನೂ ಹೆಚ್ಚು ಬೇಕಿತ್ತು. ಬೇಸಗೆಯಲ್ಲಿಯೂ ನದಿಯ ನೀರು ಸಾಕಷ್ಟಿದ್ದರೆ ಆ ವಿದ್ಯುತ್ತಿನಿಂದ ಸಂಸ್ಥಾನಕ್ಕೆ ಆದಾಯ ಹೇಗೆ ಬರುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ಕೆಲಸ 1911ರಲ್ಲಿ ಆರಂಭವಾಯಿತು. ನಮ್ಮ ವಾಚನಾಲಯಕ್ಕೂ ಕನ್ನಂಬಾಡಿಗೂ ಹೋಲಿಕೆಯೇ ಎಂದು ಕೇಳಬೇಡಿ. ಕಟ್ಟಿದ ಮೇಲೆ ನಡೆಸಲು ಹಣ ಎಲ್ಲಿಂದ ಎಂಬ ಪ್ರಶ್ನೆ ಎರಡಕ್ಕೂ ಒಂದೇ. ವಿದ್ಯುತ್ ಬಿಲ್ಲು, ಕಾವಲುಗಾರನ ಸಂಬಳ, ಐದು ವರ್ಷಕ್ಕೊಮ್ಮೆ ಬಣ್ಣ, ಇದಕ್ಕೆ ಸಭಾಗೃಹದ ಬಾಡಿಗೆ ಎಷ್ಟು ದಿನ, ಎಷ್ಟು ದರದಲ್ಲಿ ಬರುತ್ತದೆಂಬ ಪುಟ ನಮ್ಮ ಕರಡಿನಲ್ಲಿ ಇನ್ನೂ ಖಾಲಿಯಿದೆ. ನಿಮ್ಮಲ್ಲಿ ಲೆಕ್ಕಶಾಸ್ತ್ರ ಓದುತ್ತಿರುವವರು ಮೂವರಿದ್ದಾರೆಂದು ಬಲ್ಲೆ.

ಕಟ್ಟಡ ಯಾರದು ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಎರಡು ಸಭೆಗಳು ಇದರಲ್ಲೇ ಕಳೆದವು. ಸಾರ್ವಜನಿಕ ಹಣ ಬಂದರೆ ವಾಚನಾಲಯದ ಬಾಗಿಲು ಸದಸ್ಯರಿಗಷ್ಟೇ ಅಲ್ಲ, ಓಣಿಯ ಎಲ್ಲರಿಗೂ ತೆರೆದಿರಬೇಕು, ಸಭಾಗೃಹ ಮರಾಠಿ ನಾಟಕದವರಿಗೂ ತಮಿಳು ಸಂಗೀತ ಸಭೆಗೂ ಸಿಗಬೇಕು. 'ಹೊಟ್ಟೆ ಬಟ್ಟೆ ಕಟ್ಟಿ ನಮ್ಮ ಹಿರಿಯರು ಮಾಡಿದ ಜಾಗ, ಹೋಟೆಲಿನಲ್ಲಿ ಲೋಟ ತೊಳೆದವರು ತಿಂಗಳಿಗೆ ನಾಲ್ಕಾಣೆ ಕೊಟ್ಟು ಕೊಂಡದ್ದು, ಇದು ಕನ್ನಡಿಗರದೇ ಆಗಿರಬೇಕು' ಎಂದು ಒಬ್ಬ ಹಿರಿಯ ಸದಸ್ಯರು ಗದ್ಗದಿತರಾದರು. ಅವರ ತಂದೆಯೇ ಆ ನಾಲ್ಕಾಣೆ ಕೊಟ್ಟವರಲ್ಲಿ ಒಬ್ಬರು. ಅವರ ಮಾತನ್ನು ಹಗುರಾಗಿ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಆದರೆ ಇನ್ನೊಂದು ನೆನಪೂ ಇದೆ. ಆ ಲೋಟ ತೊಳೆದ ಹುಡುಗರು ರಾತ್ರಿಶಾಲೆಗೆ ಹೋದಾಗ ಅವರ ಪಕ್ಕದ ಬೆಂಚಿನಲ್ಲಿ ಕುಳಿತವರು ಗಿರಣಿಯ ಮರಾಠಿ ಹುಡುಗರು. ಪೂರ್ತಿ ನಮ್ಮದೇ ಆದ ಸೋರುವ ಕೋಣೆಯೋ, ಎಲ್ಲರೂ ಬಂದು ಹೋಗುವ ಒಣಗಿದ ಕೋಣೆಯೋ? ಸಮಿತಿ ಹನ್ನೊಂದಕ್ಕೆ ನಾಲ್ಕರಂತೆ ಎರಡನೆಯದನ್ನು ಆರಿಸಿತು. ಗದ್ಗದಿತರಾದ ಹಿರಿಯರು ವಿರುದ್ಧ ಮತ ಹಾಕಿದರು, ಮರುದಿನ ಬೆಳಿಗ್ಗೆ ಬಂದು ನಮ್ಮ ಪಾಲಿನ ನಿಧಿಗೆ ಇಪ್ಪತ್ತೈದು ಸಾವಿರದ ಚೆಕ್ಕು ಕೊಟ್ಟು ಹೋದರು. ವಾಚನಾಲಯದಲ್ಲಿ ಕನ್ನಡ ಕಪಾಟುಗಳು ಬಾಗಿಲಿನ ಎದುರಿಗೇ ಇರಬೇಕೆಂಬ ಒಂದು ಸಾಲನ್ನು ಠರಾವಿನಲ್ಲಿ ಸೇರಿಸಿದವರೂ ಅವರೇ.

ಹಣ ಮಂಜೂರಾದ ಮೇಲಿನ ಕೆಲಸ ಅರ್ಜಿಗಿಂತ ದೊಡ್ಡದು. ಅದು ಒಂದೇ ಗಂಟಾಗಿ ಬರುವುದಿಲ್ಲ, ಕಂತಿನಲ್ಲಿ ಬರುತ್ತದೆ. ಮೊದಲ ಕಂತನ್ನೂ ಅದಕ್ಕೆ ತಕ್ಕ ನಮ್ಮ ಪಾಲನ್ನೂ ಖರ್ಚು ಮಾಡಿ ತೋರಿಸಿದರೆ ಮುಂದಿನದು. ಜಿಎಫ್‌ಆರ್ 12-ಎ ನಮೂನೆಯಲ್ಲಿ ಉಪಯೋಗ ಪ್ರಮಾಣಪತ್ರ ಕೊಡಬೇಕು. ಅದಕ್ಕೆ ಪ್ರತಿ ಬಿಲ್ಲು, ಪ್ರತಿ ಅಳತೆ ಬೇಕು. ಸಿಮೆಂಟಿನ ರಸೀದಿಯನ್ನು ಅಂಗಿಯ ಜೇಬಿನಲ್ಲಿಟ್ಟು ಒಗೆಯಲು ಹಾಕುವ ಅಭ್ಯಾಸ ನಮ್ಮ ಪೀಳಿಗೆಗೆ ಉಂಟು. ನಿಮ್ಮಲ್ಲಿ ಯಾರಾದರೂ ಅಂದಂದಿನ ರಸೀದಿಯನ್ನು ಅಂದಂದೇ ಫೋನಿನಲ್ಲಿ ಚಿತ್ರ ತೆಗೆದು, ತಾರೀಖು ಹಾಕಿ ಜೋಡಿಸಿಡುವವರು ಬೇಕು. ಇಲ್ಲವಾದರೆ ಎರಡನೆಯ ಕಂತು ಬರುವುದಿಲ್ಲ, ಕಂಬಗಳ ಮೇಲಿನ ಕಬ್ಬಿಣದ ಕಡ್ಡಿಗಳು ಆಕಾಶ ನೋಡುತ್ತ ತುಕ್ಕು ಹಿಡಿಯುತ್ತವೆ. ಅಂಥ ಕಡ್ಡಿಗಳನ್ನು ನಾನು ನನ್ನ ನೌಕರಿಯಲ್ಲಿ ಹಲವು ಊರುಗಳಲ್ಲಿ ಕಂಡಿದ್ದೇನೆ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಾಚನಾಲಯದಲ್ಲಿ ಸೇರೋಣ. ಮರಾಠಿ ಚೆನ್ನಾಗಿ ಓದುವವರು ಇಬ್ಬರು ಪ್ರಾಪರ್ಟಿ ಕಾರ್ಡ್ ಮತ್ತು ಚೇಂಜ್ ರಿಪೋರ್ಟುಗಳ ಕಡತಕ್ಕೆ, ಲೆಕ್ಕದವರು ಮೂವರು ಖಾಲಿಯಿರುವ ಆ ಪುಟಕ್ಕೆ, ಅಳತೆಗೆ ಆರ್ಕಿಟೆಕ್ಚರಿನ ಹುಡುಗನೂ ಅವನ ಸ್ನೇಹಿತರೂ. ಟೇಪು ನನ್ನಲ್ಲಿದೆ, ಮೂವತ್ತು ಮೀಟರಿನದು, ಎರಡೂ ಬದಿಯಲ್ಲಿ ಅಡಿ ಮತ್ತು ಮೀಟರ್ ಗುರುತುಗಳಿವೆ. ಮೀಟರಿನ ಬದಿಯನ್ನೇ ಓದಬೇಕು. ಕೋಶಾಧಿಕಾರಿಗಳ ಮೊಮ್ಮಗನಿಗೂ ಭಾನುವಾರ ರಜೆ. ಹತ್ತೂವರೆಗೆ ಫೋನ್ ಹತ್ತಿರವೇ ಇಟ್ಟುಕೊಂಡಿರಲು ಅವನಿಗೆ ಹೇಳಿಟ್ಟಿದ್ದೇವೆ.